ಅವಳು ತೊಲಗಲೆಂದು ಮಾಡಿದ ಬ್ರೇಕು

ನವೆಂಬರ್ ೧, ಭಾನುವಾರ

ಎರಡು ಜುಟ್ಟು ಒಂದಾದರೂ ಎರಡು ಜಡೆ ಒಂದಾಗುವುದಿಲ್ಲ ಎನ್ನುತ್ತಾರೆ. ಈ ಗಾದೆ ಕಟ್ಟಿದವರು ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ಒಂದು ದಿನ ನಿಂತು ನೋಡಿರಬೇಕು.

ಮಧ್ಯಾಹ್ನ ಊಟದ ನಡುವೆ ನನ್ನ ವಾರಗಿತ್ತಿ ತಟ್ಟೆಯಿಂದ ತಲೆ ಎತ್ತದೆ ಸುದ್ದಿ ಹೇಳಿದಳು. ಬೆಟ್ಟದಾಚೆಯ ಪಟ್ಟಣದಲ್ಲಿ ಒಂದು ಶೆಡ್ಡು ಸಿಕ್ಕಿದೆಯಂತೆ, ಅದರ ಮೇಲೆ ಒಂದು ಕೋಣೆ. ಅಲ್ಲಿ ಗಾಡಿ ರಿಪೇರಿ ಅಂಗಡಿ ಇಡುತ್ತಾಳಂತೆ. ಡಿಸೆಂಬರ್ ಒಂದಕ್ಕೆ ಹೋಗಿ ಬೀಗದ ಕೈ ತೆಗೆದುಕೊಳ್ಳದಿದ್ದರೆ ಶೆಡ್ಡು ಇನ್ನೊಬ್ಬರ ಪಾಲು. ನನ್ನ ಬಾಯಲ್ಲಿದ್ದ ತುತ್ತು ಸಿಹಿಯಾಯಿತು. ಈ ಮಾತಿಗಾಗಿ ಇಪ್ಪತ್ತೆರಡು ವರ್ಷ ಕಾದಿದ್ದೇನೆ.

ಅಡ್ಡಿ ಒಂದೇ. ಭಾವ, ಅಂದರೆ ಅವಳ ಗಂಡ, ಎರಡು ವರ್ಷದ ಹಿಂದೆ ತೀರಿಕೊಂಡಾಗ ಹಿತ್ತಿಲಲ್ಲಿರುವ ರಿಪೇರಿ ಶೆಡ್ಡಿನಲ್ಲಿ ಒಂದು ಹಳೇ ಕಾರನ್ನು ಅರ್ಧ ಬಿಚ್ಚಿಟ್ಟು ಹೋಗಿದ್ದರು. ಅದಿಲ್ಲದೆ ಅವಳು ಕದಲುವುದಿಲ್ಲ. “ಅದನ್ನ ಪೂರ್ತಿ ಮಾಡಿ ಅಂಗಡಿ ಮುಂದೆ ನಿಲ್ಲಿಸ್ತೀನಿ. ಬೋರ್ಡೇ ಬೇಡ,” ಎಂದಳು. ಕಾರು ತಾನಾಗಿ ಬೆಟ್ಟ ಹತ್ತಿ ಇಳಿಯುವ ಸ್ಥಿತಿಯಲ್ಲಿಲ್ಲ, ಟ್ರೇಲರ್ ಮೇಲೆ ಹೋಗಬೇಕು. ಟ್ರೇಲರ್ ಬಚ್ಚಲುಮನೆಯ ಹಿಂದೆ ವರ್ಷಗಟ್ಟಲೆ ಬಿದ್ದಿದೆ. ಮೇಲೆ ಬಳ್ಳಿ ಹಬ್ಬಿದೆ, ನಾಲ್ಕು ಚಕ್ರದಲ್ಲಿ ಒಂದೂ ತಿರುಗುವುದಿಲ್ಲ.

“ಟ್ರೇಲರ್ ಯಾರು ನೋಡ್ತಾರೆ? ನಂಗೆ ಕಾರಿನ ಕೆಲಸವೇ ಕುತ್ತಿಗೆವರೆಗೆ ಇದೆ,” ಎಂದಳು.

ನನ್ನ ಮನೆಯವರು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. “ನೋಡೋಣ ಅತ್ತಿಗೆ. ಈ ಟ್ರಿಪ್ ಮುಗೀಲಿ.” ವಾರದಲ್ಲಿ ಆರು ದಿನ ಲಾರಿ ಮೇಲಿರುವ ಮನುಷ್ಯ ಯಾವಾಗ ನೋಡುವುದು?

ನನಗೆ ತಡೆಯಲಾಗಲಿಲ್ಲ. “ನಾನೇ ಮಾಡ್ತೀನಿ. ನೀನು ಬೇಗ ತೊಲಗಿದ್ರೆ ಸಾಕು.”

ಆಗ ತಲೆ ಎತ್ತಿದಳು. ಸಿಟ್ಟಾಗಲಿಲ್ಲ, ಅದೇ ಅವಳ ಕೆಟ್ಟ ಗುಣ. “ಬೆಳಿಗ್ಗೆ ಬಾ. ಉಂಗುರ ತೆಗೆದಿಟ್ಟು ಬಾ, ಇಲ್ದಿದ್ರೆ ಬೆರಳು ಹೋಗುತ್ತೆ.”

ಬೆರಳು ಹೋಗಲಿ ಎಂದೇ ಆಸೆ ಇರಬೇಕು.

ನವೆಂಬರ್ ೩, ಮಂಗಳವಾರ

ಒಂದು ಚಕ್ರ ಕಳಚಲು ಎರಡು ದಿನ. ನಟ್ಟುಗಳು ತುಕ್ಕು ಹಿಡಿದು ಕಲ್ಲಾಗಿವೆ. ಎಣ್ಣೆ ಬಿಟ್ಟು ಕಾಯಬೇಕು, ಆಮೇಲೆ ಪಾನಾದ ಹಿಡಿಯ ಮೇಲೆ ಹತ್ತಿ ನಿಲ್ಲಬೇಕು. ನಾನು ಹತ್ತಿ ನಿಂತೆ, ಜಾರಿ ಬಿದ್ದೆ. ಅವಳು ಕಾರಿನ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿಕೊಂಡು ಮಲಗಿದ್ದಳು. ಬಿದ್ದ ಸದ್ದು ಕೇಳಿಸಿರಲೇಬೇಕು. ಆ ಕಾಲುಗಳು ಅಲ್ಲಾಡಲಿಲ್ಲ.

ಇವಳನ್ನು ಓಣಿಯೆಲ್ಲ ‘ಮೇಸ್ತ್ರಿ’ ಎಂದು ಕರೆಯುತ್ತದೆ. ಭಾವ ಇಟ್ಟ ಹೆಸರು. ಹೊಸ ಸೊಸೆಯಾಗಿ ಬಂದ ವರ್ಷವೇ ಶೆಡ್ಡಿಗೆ ಇಳಿದು ಪಾನಾ ಹಿಡಿದಳಂತೆ. ನಾನು ಬರುವಷ್ಟರಲ್ಲಿ ಶೆಡ್ಡು ಅವಳದಾಗಿತ್ತು, ಒಲೆ ಖಾಲಿ ಇತ್ತು. ಅಂದಿನಿಂದ ಮನೆಯವರಿಗೆ, ಕೆಲಸದವರಿಗೆ, ಗಾಡಿ ಬಿಡಲು ಬಂದವರಿಗೆ ಬೇಯಿಸಿ ಹಾಕಿದ್ದೇನೆ. ನನಗೆ ಯಾರೂ ಹೆಸರಿಡಲಿಲ್ಲ. ‘ಅಡಿಗೆ ಆಯ್ತಾ’ ಎನ್ನುವುದೇ ನನ್ನ ಹೆಸರು.

ಚಕ್ರದ ಹಿಂದಿರುವ ಡ್ರಮ್ಮಿನ ಒಳಗೆ ಬ್ರೇಕಿನ ಪುಡಿ ಬೂದಿಯಂತೆ ತುಂಬಿತ್ತು. ಬಾಯಿ ಹತ್ತಿರ ತಂದು ಊದಲು ಹೋದೆ.

“ಊದಬೇಡ!” ಕಾರಿನ ಕೆಳಗಿನಿಂದ ಕಿರುಚಿದಳು. “ಎದೆಗೆ ಹೋದ್ರೆ ಜನ್ಮ ಪೂರ್ತಿ ಕೆಮ್ಮುತ್ತೀಯ. ಒದ್ದೆ ಬಟ್ಟೇಲಿ ಒರೆಸು.”

ಬಿದ್ದಾಗ ಕಾಣದವಳಿಗೆ ಊದುವುದು ಮಾತ್ರ ಕಾಣುತ್ತದೆ.

ನವೆಂಬರ್ ೫, ಗುರುವಾರ

ಸೊಂಟ ಹಿಡಿದಿದೆ. ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ನವೆಂಬರ್ ೯, ಸೋಮವಾರ

ನಾಲ್ಕೂ ಚಕ್ರ ಬಿಚ್ಚಿಯಾಯಿತು. ಚಕ್ರದ ನಡುವಿನ ಗುಂಬಕ್ಕೆ ಹಬ್ ಎನ್ನುತ್ತಾರೆ. ಅದರೊಳಗೆ ಹಿಂದೊಂದು ಮುಂದೊಂದು ಬೇರಿಂಗ್. ಬೇರಿಂಗಿನಲ್ಲಿ ಸಣ್ಣ ಉಕ್ಕಿನ ಉರುಳೆಗಳು ಸಾಲಾಗಿ ಕುಳಿತಿರುತ್ತವೆ. ಅವುಗಳಿಗೆ ಗ್ರೀಸ್ ಇದ್ದರೆ ಗಾಡಿ, ಇಲ್ಲದಿದ್ದರೆ ಗುಜರಿ. ನಮ್ಮವು ಗುಜರಿ. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಉರುಳೆಗಳ ಮೇಲೆಲ್ಲ ಸಿಡುಬಿನ ಕಲೆ.

“ಇದನ್ನೇ ಹಾಕಿದ್ರೆ ಏನಾಗುತ್ತೆ?” ಎಂದು ಕೇಳಿದೆ.

“ಬೆಟ್ಟ ಇಳಿಯುವಾಗ ಕಾದು ಕಚ್ಚಿಕೊಳ್ಳುತ್ತೆ. ಚಕ್ರ ಕಳಚಿ ನನಗಿಂತ ಮುಂದೆ ಹೋಗುತ್ತೆ. ನಿಂಗೆ ಖುಷಿ ಆಗಬಹುದು.”

ಖುಷಿ ಏಕೆ ಆಗಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡು ಬೇರಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಿಂದೆ ಯಾರಾದರೂ ಬರುತ್ತಾರೋ ಎಂದು ಇಣುಕಿದ. “ಮೇಸ್ತ್ರಿ ಬರಲಿಲ್ವಾ? ಯಜಮಾನ್ರು?”

“ಮೇಸ್ತ್ರಿಗೆ ಕಾರಿದೆ, ಯಜಮಾನ್ರಿಗೆ ಲಾರಿ ಇದೆ. ಟ್ರೇಲರ್ ನಂದು. ನಂಬರ್ ನೋಡಿ ಕೊಡಿ,” ಎಂದೆ.

ಅಲ್ಲೇ ಪಕ್ಕದ ಅಂಗಡಿಯಲ್ಲಿ ಪರದೆಗೆ ತಿಳಿನೀಲಿ ಬಟ್ಟೆ ತೆಗೆದುಕೊಂಡೆ. ರಸ್ತೆ ಕಡೆಯ ಮುಂದಿನ ಕೋಣೆ ಅವಳದು. ಇಡೀ ಮನೆಗೆ ಗಾಳಿ ಬರುವ ಕೋಣೆ ಅದೊಂದೇ. ಅವಳು ಗೇಟು ದಾಟಿದ ಸಂಜೆಯೇ ಪರದೆ ಹಾಕಿ, ಕಿಟಕಿ ತೆರೆದು, ಕಾಲು ಚಾಚಿ ಕೂರುತ್ತೇನೆ.

ನವೆಂಬರ್ ೧೨, ಗುರುವಾರ

ಇವತ್ತು ಬೇರಿಂಗಿಗೆ ಗ್ರೀಸ್ ತುಂಬುವ ಕೆಲಸ. ಅಂಗೈಯಲ್ಲಿ ಒಂದು ಉಂಡೆ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲದ ಕಡೆಯನ್ನು ಅದಕ್ಕೆ ಒತ್ತಿ ಒತ್ತಿ, ಆ ಕಡೆಯಿಂದ ಹೊರಗೆ ಇಣುಕುವವರೆಗೆ ತುಂಬಬೇಕು. ಹಿಟ್ಟು ನಾದಿದ ಕೈ ನನ್ನದು, ಅವಳಿಗಿಂತ ಚೆನ್ನಾಗಿ ಬಂತು. ಅವಳು ಬಂದು ನೋಡಿದಳು. ಹೊಗಳುತ್ತಾಳೆಂದು ನಾನೇನೂ ಕಾದಿರಲಿಲ್ಲ.

“ನೋಡಿ ಹಾಕು. ನಿನ್ನ ಬಾಣಲೆ ಲೆಕ್ಕ ಇಲ್ಲಿ ನಡೆಯಲ್ಲ. ಇಪ್ಪತ್ತೆರಡು ವರ್ಷ ಒಣಗಿದ ಪಲ್ಯ ತಿಂದಿದ್ದೀನಿ,” ಎಂದಳು.

ಎಣ್ಣೆಗೆ ನನ್ನ ಕೈ ಬಿಗಿಯಂತೆ! ತಿಂಗಳ ಕೊನೆಗೆ ಡಬ್ಬದ ತಳ ಕಾಣುತ್ತಿದ್ದದ್ದು ಯಾರಿಗೆ, ನನಗೆ. ಕೆಲಸದವರಿಗೆ ಬಡಿಸಿ ಮಿಕ್ಕಿದ್ದನ್ನು ಉಂಡವಳು ನಾನು. ಇವಳು ಕೈ ತೊಳೆದು ಬಂದು ತಟ್ಟೆ ಮುಂದೆ ಕುಳಿತವಳು. ಮೈಯೆಲ್ಲ ಉರಿಯಿತು.

ಅವಳು ಆಚೆ ಹೋದ ಮೇಲೆ ಗ್ರೀಸ್ ಪಂಪು ತಂದು ಹಬ್ಬುಗಳಿಗೆ ತುಂಬಿದೆ. ಮುಚ್ಚಳದವರೆಗೆ. ಮುಚ್ಚಳ ಹಾಕಿದ ಮೇಲೂ ಜಾಗ ಇದ್ದಂತೆ ಕಂಡಿತು, ಅದರ ತೂತಿನಿಂದ ಮತ್ತೂ ತುಂಬಿದೆ. ಡಬ್ಬ ಪೂರ್ತಿ ಖಾಲಿ. ಇನ್ನು ಒಣಗಿದೆ ಎನ್ನಲಿ ನೋಡೋಣ.

ಹಬ್ಬಿನ ನಟ್ಟಿಗೆ ಭಾವ ತಾವೇ ಕಬ್ಬಿಣ ಬೆಸೆದು ಮಾಡಿದ ಒಂದು ದೊಡ್ಡ ಪಾನಾ ಇದೆ. ಈ ಟ್ರೇಲರಿಗೆ ಅದೊಂದೇ ಹೊಂದುವುದು, ಅಂಗಡಿಯಲ್ಲಿ ಸಿಗುವುದಿಲ್ಲ. ನಾಲ್ಕು ನಟ್ಟನ್ನೂ ಅದರಲ್ಲೇ ಕೂರಿಸಿದೆ. ಭಾನುವಾರ ಭಾರ ಹಾಕಿ ಪರೀಕ್ಷೆ. ಅದಾದರೆ ಹೋಗಲು ಅಡ್ಡಿಯಿಲ್ಲ.

ನವೆಂಬರ್ ೧೫, ಭಾನುವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬಾಡಿಗೆ ಪಿಕಪ್ಪಿನ ಡ್ರೈವರ್ ಬೆಳಿಗ್ಗೆ ಬಂದ. ಖಾಲಿ ಟ್ರೇಲರನ್ನು ದೊಡ್ಡ ರಸ್ತೆಯವರೆಗೆ ಎಳೆದುಕೊಂಡು ಹೋಗಿ ಬಂದ. ಸದ್ದಿಲ್ಲ, ಓಲಾಟವಿಲ್ಲ. ನನ್ನ ಮನೆಯವರು ಬೆನ್ನು ತಟ್ಟಿದರು. ನಾನು ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡದೆ ಚಕ್ರಗಳನ್ನೇ ನೋಡುತ್ತಿದ್ದಳು. ಆಮೇಲೆ ಎಲ್ಲರೂ ಸೇರಿ ಕಾರನ್ನು ಮೇಲೆ ಹತ್ತಿಸಿದರು. ಕಾರಿಗೆ ಹೊಸ ಬಣ್ಣ ಬಂದಿದೆ, ಕಡು ಹಸಿರು. ಚೆನ್ನಾಗಿದೆ ಎಂದು ನಾನು ಹೇಳಲಿಲ್ಲ.

ನಮ್ಮ ಅಂಗಳ ಗೇಟಿನ ಕಡೆಗೆ ಇಳಿಜಾರು. “ಪಿಕಪ್ ಬಿಚ್ಚಿ. ಹ್ಯಾಂಡ್ ಬ್ರೇಕ್ ಒಂದೇ ಹಿಡಿಯುತ್ತೋ ನೋಡೋಣ,” ಎಂದು ಅವಳು ಹಿಂದೆ, ಗೇಟಿನ ಕಂಬದ ಹತ್ತಿರ ಹೋಗಿ ನಿಂತಳು. ಬ್ರೇಕ್ ಎಳೆದವಳು ನಾನು. ಚಕ್ರದಡಿಯ ಮರದ ತುಂಡುಗಳನ್ನು ತೆಗೆದವಳೂ ನಾನು.

ಒಂದು ಉಸಿರಿನಷ್ಟು ಹೊತ್ತು ನಿಂತಿತ್ತು. ಆಮೇಲೆ ಸದ್ದಿಲ್ಲದೆ ಹಿಂದಕ್ಕೆ ಹೊರಟಿತು. ಕಾರು, ಟ್ರೇಲರ್, ಎಲ್ಲ ಸೇರಿ ಅವಳ ಕಡೆಗೆ. ನಾನು ಮರದ ತುಂಡನ್ನು ಚಕ್ರದಡಿಗೆ ಎಸೆದೆ, ಚಕ್ರ ಅದನ್ನು ಪಕ್ಕಕ್ಕೆ ತಳ್ಳಿತು. “ಅಕ್ಕಾ!” ಎಂದು ಕೂಗಿದ್ದು ನನ್ನ ಗಂಟಲೇ ಇರಬೇಕು, ಇನ್ನೂ ನೋಯುತ್ತಿದೆ. ಅವಳು ಪಕ್ಕಕ್ಕೆ ಹಾರಿ ಕೈಯೂರಿ ಬಿದ್ದಳು. ಟ್ರೇಲರ್ ಕಂಬಕ್ಕೆ ಬಡಿದು ನಿಂತಿತು. ಅವಳು ನಿಂತಿದ್ದ ಜಾಗದಲ್ಲಿ ಕಾರಿನ ಹಿಂಭಾಗ ಕಂಬಕ್ಕೆ ಒತ್ತಿ ಜಜ್ಜಿಹೋಗಿತ್ತು.

ಆ ಜಜ್ಜಿದ ಜಾಗವನ್ನು ನೋಡಿಬಿಟ್ಟೆ. ನೋಡಬಾರದಿತ್ತು.

ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್. ಆಸ್ಪತ್ರೆಯಿಂದ ಬರುವಾಗ ಅವಳು ಒಂದೇ ಮಾತು ಆಡಿದ್ದು: “ಡ್ರಮ್ ಬಿಚ್ಚಬೇಡ. ನಾನೂ ನೋಡಬೇಕು.”

ನವೆಂಬರ್ ೧೬, ಸೋಮವಾರ

ಬಿಚ್ಚಿದೆವು.

ಹಬ್ಬಿನಲ್ಲಿ ಹಿಡಿಸದ ಗ್ರೀಸ್ ಅದನ್ನು ಒಳಗೇ ತಡೆಯಬೇಕಾದ ಹಿಂದಿನ ಸೀಲನ್ನು ಒತ್ತಿಕೊಂಡು ಡ್ರಮ್ಮಿನೊಳಗೆ ಇಳಿದಿದೆ. ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಶೂಗಳು ಗ್ರೀಸಿನಲ್ಲಿ ಮಿಂದಿವೆ. ಜಾರುವ ಜಾಗದಲ್ಲಿ ಬ್ರೇಕ್ ಏನನ್ನು ಹಿಡಿಯಬೇಕು? ನನ್ನಿಂದಲೇ ಆಯಿತು. ನನ್ನಿಂದಲೇ. ಅವಳು ಸಾಯುತ್ತಿದ್ದಳು.

ಅವಳು ಎಡಗೈ ಬೆರಳಿನಿಂದ ಒಂದು ಗೆರೆ ಗ್ರೀಸ್ ತೆಗೆದು ನನ್ನ ಮುಂದೆ ಹಿಡಿದಳು. “ಪಲ್ಯಕ್ಕೆ ಒಂದು ಚಮಚ ಎಣ್ಣೆ ಹಾಕೋಕೆ ಜೀವ ಹೋಗ್ತಿತ್ತು. ಇಲ್ಲಿ ನೋಡು ಧಾರಾಳ!”

“ನೀನು ಆ ಮಾತು ಆಡದೇ ಇದ್ದಿದ್ರೆ ನಾನು ಅಷ್ಟು ಹಾಕ್ತಾನೇ ಇರ್ಲಿಲ್ಲ!”

“ನಾನು ಆಡಿದ್ದು ಪಲ್ಯದ ಬಗ್ಗೆ ಕಣೇ!”

“ಇಪ್ಪತ್ತೆರಡು ವರ್ಷ ಆದ್ಮೇಲಾ?”

ಇನ್ನೂ ಏನೇನೋ ಒಬ್ಬರಿಗೊಬ್ಬರು ಅಂದೆವು. ಬರೆಯುವಂಥದ್ದಲ್ಲ. ಇವರು ಟ್ರಿಪ್ಪಿಗೆ ಹೊರಟವರು ಕೂಗಾಟ ಕೇಳಿ ಒಳಗೆ ಬಂದು, “ಏನಾಗಿತ್ತು ಅತ್ತಿಗೆ? ಯಾಕೆ ಹಿಡಿಯಲಿಲ್ಲ?” ಎಂದು ಕೇಳಿದರು.

ಅವಳು ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. “ಸೀಲು ಹಳೇದು. ಬಿಟ್ಟುಕೊಂಡಿದೆ. ನಾನೇ ಹೇಳಬೇಕಿತ್ತು ಅವಳಿಗೆ.”

ಸೀಲು ಹೊಸದು. ನಾನೇ ತಂದದ್ದು. ಇವಳ ದಾನ ಯಾರು ಕೇಳಿದ್ದರು? ಇವರೆದುರು ಬೈದಿದ್ದರೆ ಬೈಸಿಕೊಂಡೆ ಎಂದು ಮಲಗುತ್ತಿದ್ದೆ. ಈಗ ನಿದ್ದೆಯೂ ಇಲ್ಲ.

ನವೆಂಬರ್ ೧೮, ಬುಧವಾರ

ಹೊಸ ಶೂ, ಹೊಸ ಸೀಲು. ಅಂಗಡಿಯವನು ಈ ಸಲ ನನ್ನ ಹಿಂದೆ ಯಾರನ್ನೂ ಹುಡುಕಲಿಲ್ಲ.

ಅವಳ ಬಲಗೈ ಇಲ್ಲ. ಆದ್ದರಿಂದ ಕಾರಿನಲ್ಲಿ ಉಳಿದ ಕೆಲಸವೂ ನನ್ನ ತಲೆಗೇ ಬಂತು. ಮುರಿದ ಕೈಯಿಟ್ಟುಕೊಂಡು ಅಲ್ಲಿ ಅಂಗಡಿ ಹೇಗೆ ನಡೆಸುತ್ತೀಯ ಎಂದರೆ, “ಬಾಯಿ ಇದೆಯಲ್ಲ,” ಎಂದಳು. ಇದೆ. ಅದು ಇಲ್ಲವೆಂದು ಯಾರೂ ದೂರಿಲ್ಲ. ಬಚ್ಚಲುಮನೆಯ ಹಿಂದಿನ ಕಲ್ಲಿನ ಮೇಲೆ ಕುಳಿತು ಬೆಳಗಿನಿಂದ ಸಂಜೆವರೆಗೆ ಆಡಿಸುತ್ತಾಳೆ. ಹಾಗಲ್ಲ, ಹೀಗೆ. ಎಡಕ್ಕಲ್ಲ, ಇನ್ನೊಂದು ಎಡಕ್ಕೆ. ತಲೆಯ ಮೇಲೆ ಮೆಣಸು ಅರೆಯುತ್ತಿದ್ದಾಳೆ.

ನಾನು ಇಲ್ಲಿರುವುದರಿಂದ ಒಲೆ ಅವಳ ಪಾಲಿಗೆ ಹೋಯಿತು. ಒಂದು ಕೈಯಲ್ಲಿ ಏನೋ ಬೇಯಿಸಿ ತಂದು ಟ್ರೇಲರಿನ ಹಲಗೆಯ ಮೇಲೆ ಕುಕ್ಕಿದಳು. ಉಪ್ಪೇ ಇರಲಿಲ್ಲ. ಅಡಿಗೆ ಎಂದರೇನೆಂದು ಈಗ ಗೊತ್ತಾಗಲಿ.

ತಿಂದೆ. ಯಾರೋ ಮಾಡಿ ತಂದು ಕೊಟ್ಟದ್ದನ್ನು ಕುಳಿತು ತಿಂದು ಎಷ್ಟು ವರ್ಷವಾಗಿತ್ತೋ.

ನವೆಂಬರ್ ೨೧, ಶನಿವಾರ

ನಟ್ಟು ಕೂರಿಸುವುದರ ಮೇಲೆ ಇವತ್ತು ದೊಡ್ಡ ಜಗಳ. ನಾನು ಬಲವೆಲ್ಲ ಹಾಕಿ ಬಿಗಿ ಮಾಡಿದ್ದೆ. ಸಡಿಲ ಬಿಟ್ಟರೆ ಚಕ್ರ ಕಳಚುತ್ತದೆ ಎಂದು ಹೇಳಿದ್ದು ಅವಳೇ.

“ಬಿಗಿ ಮಾಡಿದ್ದು ಸರಿ. ಈಗ ಬಿಡು.”

“ಬಿಡೋದಾದ್ರೆ ಬಿಗಿ ಮಾಡಿದ್ದು ಯಾಕೆ?”

“ಒಳಗಿನದು ಸರಿಯಾಗಿ ಕೂತ್ಕೊಳ್ಳಲಿ ಅಂತ. ಚಕ್ರ ತಿರುಗಿಸ್ತಾ ಬಿಗಿ ಮಾಡು. ಆಮೇಲೆ ಪೂರ್ತಿ ಬಿಟ್ಟು ಬರಿ ಬೆರಳಲ್ಲಿ ಎಷ್ಟು ತಿರುಗುತ್ತೋ ಅಷ್ಟೇ. ಅಲ್ಲಿಗೆ ನಟ್ಟು ತಿರುಗದ ಹಾಗೆ ಪಿನ್ ಹಾಕು. ಬಿಗಿಯಾಗೇ ಬಿಟ್ಟರೆ ಸುಟ್ಟು ಹೋಗುತ್ತೆ.”

ಮಾಡಿದೆ. ಚಕ್ರವನ್ನು ಒಂದು ಸಲ ತಳ್ಳಿದರೆ ಎಷ್ಟೋ ಹೊತ್ತು ತಿರುಗುತ್ತಲೇ ಇತ್ತು. ಒಂದಿಷ್ಟೂ ಸದ್ದಿಲ್ಲ. ಕಿವಿಯನ್ನು ಹಬ್ಬಿಗೆ ಆನಿಸಿಕೊಂಡು ಕೇಳಿದೆ. ಇನ್ನೊಂದು ಸಲ ತಳ್ಳಿದೆ, ಮತ್ತೊಂದು ಸಲವೂ. ಅವಳು ಎದ್ದು ಒಲೆ ಕಡೆ ಹೋದಳು.

ಟ್ರೇಲರಿನ ಬ್ರೇಕು ಹಿಡಿಯುವ ಬಗೆಯನ್ನೂ ಹೇಳಿಕೊಟ್ಟಳು. ಇದಕ್ಕೆ ಕಾಲಲ್ಲಿ ಒತ್ತುವವರಿಲ್ಲ. ಮುಂದಿನ ಗಾಡಿ ನಿಧಾನಿಸಿದಾಗ ಹಿಂದಿನದು ಹೋಗಿ ಅದರ ಬೆನ್ನಿಗೆ ಗುದ್ದುತ್ತದೆ. ಆ ಗುದ್ದಿಗೆ ತಂತಿ ಎಳೆದು ಬ್ರೇಕು ಹಿಡಿಯುತ್ತದೆ. ಗುದ್ದದೆ ಇದ್ದರೆ ನಿಲ್ಲುವುದಿಲ್ಲ. ವಿಚಿತ್ರ ಯಂತ್ರ.

ನವೆಂಬರ್ ೨೪, ಮಂಗಳವಾರ

ಬ್ರೇಕ್ ತಂತಿ ಸವೆದಿತ್ತು. ಅವಳು ನಡೆಯುತ್ತೆ ಎಂದಳು. ನಾನು ನಡೆಯುವುದಿಲ್ಲ ಎಂದೆ. ಬದಲಾಯಿಸಿದೆ. ಟೈರುಗಳ ಪಕ್ಕ ಬಿರುಕು ಬಿಟ್ಟಿತ್ತು. ಅದನ್ನೂ ಅವಳು ನಡೆಯುತ್ತೆ ಎಂದಳು. ಇದೇನು ಮೇಸ್ತ್ರಿತನವೋ ನನಗೆ ಅರ್ಥವಾಗದು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವುದು ಕೇಳಿದ್ದೇನೆ, ಡೊಂಕು ನೆಲವನ್ನೇ ನೆಟ್ಟಗಿದೆ ಎನ್ನುವವಳನ್ನು ಈಗಲೇ ನೋಡಿದ್ದು.

“ಮೊದಲು ಒಂದು ವಾರದಲ್ಲಿ ನನ್ನ ಓಡಿಸ್ತೀನಿ ಅಂತಿದ್ದೆ. ಈಗ ದಿನಕ್ಕೊಂದು ಹುಳುಕು ಹುಡುಕ್ತಿದ್ದೀಯ,” ಎಂದಳು.

“ಹೋಗುವವಳು ಅರ್ಧ ದಾರೀಲಿ ಕೆಟ್ಟು ವಾಪಸ್ ಬರಬಾರದಲ್ಲ, ಅದಕ್ಕೆ!” ಎಂದೆ. ಸರಿಯಾಗಿ ಕೊಟ್ಟೆ.

ಕಾರಿನ ಹಿಂಭಾಗದ ಜಜ್ಜು ಒಳಗಿನಿಂದ ಬಡಿದು ನೇರ ಮಾಡಿದ್ದಾಯಿತು. ಮೇಲೆ ಬಣ್ಣ ಹೊಳೆಯಿಸಲು ಮೆತ್ತನೆಯ ಬಟ್ಟೆ ಬೇಕಿತ್ತು. ಮನೆಯಲ್ಲಿ ಯಾವುದೂ ಸಿಗಲಿಲ್ಲ. ಆ ತಿಳಿನೀಲಿ ಬಟ್ಟೆಯಲ್ಲೇ ಒಂದು ತುಂಡು ಹರಿದೆ. ಆಮೇಲೆ ಇನ್ನೊಂದು. ಪರದೆಗೆ ಇನ್ನು ಸಾಲುವುದಿಲ್ಲ. ಬಣ್ಣ ಮಾತ್ರ ಮುಖ ಕಾಣುವಷ್ಟು ಹೊಳೆಯುತ್ತಿದೆ.

ನವೆಂಬರ್ ೨೭, ಶುಕ್ರವಾರ

ಅವಳ ಸಾಮಾನು ಕಟ್ಟಿದೆವು. ಇಪ್ಪತ್ತೈದು ವರ್ಷದ ಸಂಸಾರ ನಾಲ್ಕು ಪೆಟ್ಟಿಗೆ, ಅದರಲ್ಲಿ ಮೂರರ ತುಂಬ ಕಬ್ಬಿಣ.

“ಆ ದೊಡ್ಡ ಪಾನಾ ಎಲ್ಲಿ? ಹಬ್ಬಿಂದು?”

“ನಾನೇನು ನೋಡಿಲ್ಲ,” ಎಂದೆ.

“ಮೊದಲ ಓಟ ಆದ್ಮೇಲೆ ಬೇಕೇ ಬೇಕು. ಹೊಸ ಬೇರಿಂಗು ಕೂತ್ಕೊಂಡು ಸ್ವಲ್ಪ ಸಡಿಲ ಬಿಡುತ್ತೆ. ಬಿಚ್ಚಿ ನೋಡಬೇಕು.”

“ಹುಡುಕ್ತೀನಿ.”

ಪಾನಾ ಹಿಟ್ಟಿನ ಡಬ್ಬದ ಹಿಂದೆ ಇದೆ. ನಾನೇ ಇಟ್ಟಿದ್ದೇನೆ. ಎಲ್ಲವನ್ನೂ ಹೊತ್ತುಕೊಂಡು ಹೋಗಲು ಬಿಡಬೇಕೇನು? ಭಾವನ ಕೈಯದು ಒಂದಾದರೂ ಈ ಮನೆಯಲ್ಲಿರಲಿ. ಆಸೆಗೂ ಒಂದು ಮಿತಿ ಬೇಕು ಅವಳಿಗೆ.

ನವೆಂಬರ್ ೨೯, ಭಾನುವಾರ

ಹೋದಳು.

ಬೆಳಿಗ್ಗೆಯೇ ಕಾರು ಹತ್ತಿಸಿ, ಪಟ್ಟಿ ಬಿಗಿದಿದ್ದಾಯಿತು. ಈ ಸಲ ಅಂಗಳದ ಇಳಿಜಾರಿನಲ್ಲಿ ಬ್ರೇಕ್ ಎಳೆದು, ನಾನೇ ಹಿಂದೆ ಹೋಗಿ ಕಂಬದ ಹತ್ತಿರ ನಿಂತೆ. ಇವರು ಬೇಡ ಬೇಡ ಎಂದರು. ಮರದ ತುಂಡು ತೆಗೆಸಿದೆ. ಟ್ರೇಲರ್ ಕದಲಲಿಲ್ಲ. ಆಮೇಲೆ ಪಿಕಪ್ಪಿಗೆ ಸಿಕ್ಕಿಸಿದರು.

ಅವಳು ಪ್ಲಾಸ್ಟರಿನ ಕೈ ಎತ್ತಿಕೊಂಡು ಮುಂದೆ ಹತ್ತಿ ಕುಳಿತಳು. ಗಾಡಿ ಹೊರಟಿತು. ಗೇಟು ದಾಟುವಾಗ ಬಲಗಡೆ ಹಿಂದಿನ ಚಕ್ರದಿಂದ ಕಿರ್ ಎಂದ ಹಾಗಾಯಿತು.

“ನಿಲ್ಲಿಸಿ!” ಎಂದು ಕೂಗಿ ಮುಂದೆ ಹೋಗಿ ಅಡ್ಡ ನಿಂತೆ.

ಡ್ರೈವರಿಗೆ ಏನೂ ಕೇಳಿಸಿರಲಿಲ್ಲ. ಇವರಿಗೂ ಕೇಳಿಸಿರಲಿಲ್ಲ. “ಹೊತ್ತಾಗುತ್ತೆ, ಬೆಟ್ಟದ ಮೇಲೆ ಮಂಜು ಬೀಳುತ್ತೆ, ಸುಮ್ನಿರು,” ಎಂದು ಇವರು ಗದರಿದರು. ಡ್ರೈವರ್ ಹಾರನ್ ಒತ್ತಿದ. ಓಣಿಯವರು ಬಾಗಿಲಿಗೆ ಬಂದರು. ನಾನು ಯಾರ ಮಾತಿಗೂ ಕಿವಿಗೊಡದೆ ಜಾಕಿ ತಂದೆ. ಅಡಿಗೆಮನೆಗೆ ಹೋಗಿ ಹಿಟ್ಟಿನ ಡಬ್ಬದ ಹಿಂದಿನ ಪಾನಾ ತಂದೆ, ಅದಿಲ್ಲದೆ ಬಿಚ್ಚುವಂತಿರಲಿಲ್ಲ. ಅವಳು ಇಳಿದು ಬಂದಿದ್ದಳು. ಪಾನಾವನ್ನು ನೋಡಿದಳು, ಅದಕ್ಕೆ ಹತ್ತಿದ ಹಿಟ್ಟನ್ನೂ ನೋಡಿದಳು.

ಚಕ್ರ ಬಿಚ್ಚಿದೆ. ಡ್ರಮ್ ತೆಗೆದೆ. ಶೂಗಳು ಒಣಗಿವೆ. ಸೀಲು ಸರಿಯಿದೆ. ಬೇರಿಂಗ್ ತೆಗೆದು ಒರೆಸಿ, ಉರುಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಕನ್ನಡಿಯಂತಿವೆ. ಏನೂ ಇರಲಿಲ್ಲ. ಎಲ್ಲ ನಾನು ಇಟ್ಟ ಹಾಗೇ ಇತ್ತು.

ಅವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತಿದ್ದಳು. ಏನೂ ಇಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು, ಚಕ್ರದ ಸದ್ದು ಅವಳಿಗೆ ತಿಳಿಯದೆ ಇರುತ್ತದೆಯೇ? ಗೊತ್ತಿದ್ದೂ ಇಡೀ ಓಣಿ ನಗುವವರೆಗೆ ಸುಮ್ಮನೆ ಕುಳಿತಿದ್ದಳು. ಮತ್ತೆ ಗ್ರೀಸ್ ಹಾಕಿದೆ. ಬಿಗಿ ಮಾಡಿದೆ, ಬಿಟ್ಟೆ, ಬೆರಳಲ್ಲಿ ಕೂರಿಸಿದೆ. ಹಳೇ ಪಿನ್ ಎತ್ತಿಕೊಂಡಾಗ ನನ್ನ ಕೈಗೆ ಮೆಲ್ಲಗೆ ಹೊಡೆದಳು.

“ತೆಗೆದ ಪಿನ್ ಮತ್ತೆ ಹಾಕಬಾರದು.” ಎಡಗೈಯಿಂದ ಜೇಬು ತಡಕಿ ಒಂದು ಹೊಸ ಪಿನ್ ತೆಗೆದು ಕೊಟ್ಟಳು. ಅದೊಂದೇ ಪಿನ್ನು ಅವಳ ಜೇಬಿಗೆ ಯಾವಾಗ ಹೋಗಿತ್ತೋ.

ಡ್ರೈವರ್ ಸಿಡಿಮಿಡಿಗೊಂಡು ಬಂದ. “ಮೇಡಂ, ನಿಜ ಹೇಳಿ, ಬ್ರೇಕು ಬೇರಿಂಗು ಎಲ್ಲ ಸರಿ ಇದೆಯಾ? ಇಳಿಜಾರಲ್ಲಿ ನನ್ನ ಜೀವಾನೂ ಇದೆ.”

“ನನ್ನ ಕೇಳಬೇಡಿ,” ಎಂದಳು ಅಕ್ಕ. “ಮೇಸ್ತ್ರಿನ ಕೇಳಿ.”

ಯಾರಿಗೆ ಹೇಳಿದಳೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು.

“ಸರಿ ಇದೆ,” ಎಂದೆ. “ನಿಲ್ಲಿಸಿದ ಕಡೆಯೆಲ್ಲ ಹಬ್ಬಿನ ಮೇಲೆ ಕೈ ಇಟ್ಟು ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಮುಂದೆ ಹೋಗಬೇಡಿ.”

ಗಾಡಿ ಹೋದ ಮೇಲೆ ನೋಡಿದರೆ ಪಾನಾ ನನ್ನ ಕೈಯಲ್ಲೇ ಇತ್ತು. ಅಕ್ಕನೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಮಧ್ಯಾಹ್ನದಿಂದ ಮೂರು ಸಲ ಫೋನ್ ಬಂತು. ಬೆಟ್ಟದ ಬುಡದಿಂದ, ತುದಿಯಿಂದ, ಆಚೆ ಬುಡದಿಂದ. ಮೂರು ಸಲವೂ ಒಂದೇ ಮಾತು, “ತಣ್ಣಗಿದೆ.” ನಾನೂ “ಹೂಂ” ಎಂದು ಇಟ್ಟೆ. ಬೇರೆ ಮಾತಾಡಲು ನಮ್ಮ ನಡುವೆ ಏನಿದೆ?

ಡಿಸೆಂಬರ್ ೧, ಮಂಗಳವಾರ

ಬೀಗದ ಕೈ ಸಿಕ್ಕಿತಂತೆ.

ಮುಂದಿನ ಕೋಣೆ ಗುಡಿಸಿ ಬಾಗಿಲು ಹಾಕಿದೆ. ಅಲ್ಲಿ ಗಾಳಿ ಜಾಸ್ತಿ, ಕೂರಲಾಗುವುದಿಲ್ಲ. ಅನ್ನ ಇಬ್ಬರಿಗಾಗುವಷ್ಟು ಮಾಡಿಬಿಟ್ಟೆ, ಅಭ್ಯಾಸ. ಪಲ್ಯಕ್ಕೆ ಎಣ್ಣೆ ಹೆಚ್ಚಾಯಿತು.

ಡಿಸೆಂಬರ್ ೪, ಶುಕ್ರವಾರ

ಸಂಜೆ ಅಕ್ಕ ಫೋನ್ ಮಾಡಿದಳು. ಕಾರು ಅಂಗಡಿ ಮುಂದೆ ನಿಂತಿದೆಯಂತೆ, ನೋಡಲು ಜನ ನಿಲ್ಲುತ್ತಾರಂತೆ. ಬಡಾಯಿ.

“ಹಬ್ಬಿನ ಸಡಿಲ ನೋಡೋದು ಬಾಕಿ ಇದೆ. ಯಾರದೋ ಕೆಟ್ಟ ಗಾಡಿ ಎಳೆದು ತರಬೇಕು, ಅದನ್ನ ನೋಡದೆ ಟ್ರೇಲರ್ ಹೊರಗೆ ತೆಗೆಯೋ ಹಾಗಿಲ್ಲ. ಆ ಪಾನಾ ಪಾರ್ಸೆಲ್ ಹಾಕು.”

“ಪಾರ್ಸೆಲ್ಲಿಗೆ ಯಾರು ಓಡಾಡ್ತಾರೆ? ಬೇಕಾದವರು ಬಂದು ತಗೊಂಡು ಹೋಗಲಿ.”

“ಪಾನಾ ಬಂದ್ರೆ ತಾನೇ ಏನಾಗುತ್ತೆ, ಕೈ ಇನ್ನೂ ಪ್ಲಾಸ್ಟರಲ್ಲಿದೆ. ಇಲ್ಲಿಯವರ ಕೈಗೆ ಕೊಟ್ಟರೆ ಸುಮ್ಮನೆ ಬಿಗಿ ಮಾಡಿಬಿಡ್ತಾರೆ. ಕೂರಿಸಿದವರೇ ಬಂದು ನೋಡಬೇಕು.”

“ನಂಗೇನು ಬೇರೆ ಕೆಲಸ ಇಲ್ವಾ?”

“ಇದ್ರೆ ಬೇಡ ಬಿಡು,” ಎಂದು ಫೋನ್ ಇಟ್ಟಳು. ಇಂಥ ಅಹಂಕಾರಕ್ಕೆ ಏನು ಹೇಳಬೇಕು!

ಭಾನುವಾರ ಮೊದಲ ಬಸ್ಸು ಏಳೂವರೆಗೆ. ಟ್ರೇಲರಿನ ಕೆಲಸ ಅರ್ಧ ಬಿಟ್ಟರೆ ನನಗೇ ಕೆಟ್ಟ ಹೆಸರು, ಅದಕ್ಕಾಗಿ ಹೋಗುತ್ತಿದ್ದೇನೆ. ಎರಡು ದಿನ ಅವಳ ಅಡಿಗೆ ತಿನ್ನಬೇಕಲ್ಲ ಎನ್ನುವುದೊಂದೇ ಚಿಂತೆ. ಚೀಲ ತುಂಬಿಟ್ಟಿದ್ದೇನೆ: ಪಾನಾ, ಹೊಸ ಪಿನ್ನುಗಳು, ಒಂದು ಡಬ್ಬ ಉಪ್ಪು.

ಉಂಗುರ ಮನೆಯಲ್ಲೇ ತೆಗೆದಿಟ್ಟು ಹೋಗಬೇಕು.